ಸುವಾದ ಮ್ಯೂಸಿಯಂ ನೋಡಲು ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಫಿಜಿಗೆ ಹೋದವರಲ್ಲಿ ಹೆಚ್ಚಿನವರು ನಾಡಿ ಎಂಬ ಪಟ್ಟಣದಲ್ಲಿ ವಿಮಾನ ಇಳಿದು ರೆಸಾರ್ಟಿನಲ್ಲೇ ರಜೆ ಮುಗಿಸುತ್ತಾರೆ. ನೀನು ರಾಜಧಾನಿ ಸುವಾಕ್ಕೆ ಒಂದು ಪೂರ್ತಿ ದಿನ ಎತ್ತಿಡು. ವಾರದ ನಡುವಿನ ದಿನವಿರಲಿ. ಭಾನುವಾರ ಊರು ಚರ್ಚಿಗೆ ಹೋಗುತ್ತದೆ, ಬಸ್ಸುಗಳೂ ಕಡಿಮೆ. ಬಸ್ಸಿಗೆ ಇ-ಟ್ರಾನ್ಸ್‌ಪೋರ್ಟ್ ಎಂಬ ಟಿಕೆಟ್ ಕಾರ್ಡ್ ಇದ್ದರೆ ಅನುಕೂಲ, ಮೊದಲೇ ಕೊಂಡುಕೊ. ಫಿಜಿ ಮ್ಯೂಸಿಯಮ್ಮಿಗಾದರೆ ಬಸ್ ನಿಲ್ದಾಣದಿಂದ ವಿಕ್ಟೋರಿಯಾ ಪರೇಡ್ ರಸ್ತೆ ಹಿಡಿದು ನಡೆದೇ ಹೋಗಬಹುದು, ಥರ್ಸ್ಟನ್ ಉದ್ಯಾನದೊಳಗಿದೆ. ಕೊಡೆ ಮಾತ್ರ ಬಿಡಬೇಡ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಊರು. ನಮ್ಮ ಕರಾವಳಿಯ ಹಾಗೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ, ಯಾವ ತಿಂಗಳಲ್ಲೂ ಬಂದೀತು.

ಒಳಗೆ ಹೋದ ಕೂಡಲೇ 'ರತು ಫಿನಾವು' ದೋಣಿಯ ಹತ್ತಿರ ನಿಲ್ಲು. 1913ರಲ್ಲಿ ಕಟ್ಟಿದ, ಹದಿಮೂರು ಮೀಟರಿಗಿಂತ ಉದ್ದದ 'ದ್ರುವ' ಅದು, ಅಂದರೆ ಫಿಜಿಯ ಜೋಡಿ ಒಡಲಿನ ಹಾಯಿದೋಣಿ. ಹಳೆಯ ಕಾಲದ ದೊಡ್ಡ ದ್ರುವಗಳು ಇದರ ಎರಡರಷ್ಟು ಉದ್ದವಿದ್ದು ನೂರಕ್ಕೂ ಹೆಚ್ಚು ಜನರನ್ನು ಹೊರುತ್ತಿದ್ದವು. ಮೊದಲು ಎರಡು ಒಡಲುಗಳನ್ನು ನೋಡು, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದು ಯಾವಾಗಲೂ ಗಾಳಿ ಬೀಸುವ ಕಡೆಗೇ ಇರಬೇಕು. ಹಾಗಾಗಿ ದಿಕ್ಕು ಬದಲಿಸುವಾಗ ದೋಣಿಯನ್ನು ತಿರುಗಿಸುವುದಿಲ್ಲ. ಹಾಯಿಯ ಕೆಳತುದಿಯನ್ನು ಈ ಕೊನೆಯಿಂದ ಆ ಕೊನೆಗೆ ಹೊತ್ತೊಯ್ದು, ಚುಕ್ಕಾಣಿಯನ್ನೂ ಅತ್ತ ಸಾಗಿಸಿ, ಹಿಂದಾಗಿದ್ದ ಕೊನೆಯನ್ನೇ ಮುಂದು ಮಾಡಿಕೊಂಡು ಹೊರಡುತ್ತಾರೆ. ಈ ಕೆಲಸದ ನಡುವೆ ಗಾಳಿ ಹಾಯಿಯ ತಪ್ಪು ಮಗ್ಗುಲಿಗೆ ಬಡಿದರೆ ಕೂವೆ ಮುರಿಯಬಹುದು, ದೋಣಿಯೇ ಮಗುಚಬಹುದು. ನುರಿತ ಕೈಗಳಿಲ್ಲದೆ ದ್ರುವ ಕಡಲಿಗಿಳಿಯುತ್ತಿರಲಿಲ್ಲ.

ಆಮೇಲೆ ಹಲಗೆಗಳ ಕೂಡುಗೆರೆ ಹುಡುಕು. ಹೊರಮೈಯಲ್ಲಿ ಹುರಿಯೇ ಕಾಣುವುದಿಲ್ಲ. ಪಡುವಣ ಕಡಲಿನ ನಮ್ಮ ಹಳೆಯ ದೋಣಿಗಳನ್ನೂ ತೆಂಗಿನ ನಾರಿನಿಂದಲೇ ಹೊಲಿಯುತ್ತಿದ್ದರು, ಆದರೆ ಅಲ್ಲಿ ಹೊಲಿಗೆ ಹಲಗೆಯನ್ನು ತೂರಿ ಹೊರಬರುತ್ತದೆ. ಫಿಜಿಯವರು ಹಲಗೆಯ ಒಳಅಂಚಿನಲ್ಲಿ ಒಂದು ದಿಂಡು ಉಳಿಸಿ ಕೆತ್ತಿ, ಆ ದಿಂಡಿಗೆ ತೂತು ಕೊರೆದು, 'ಮಗಿಮಗಿ' ಎಂಬ ನಾರಿನ ಹುರಿಯಿಂದ ಒಳಗಿನಿಂದಲೇ ಬಿಗಿಯುತ್ತಿದ್ದರು. ಸಂದಿಗೆ ಜೀಗುಜ್ಜೆ ಮರದ ಅಂಟು. ಇಡೀ ಮ್ಯೂಸಿಯಮ್ಮಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ವಿದ್ಯೆ ಅನ್ನಿಸುವುದು ಇದೇ.

ಜನ ಗುಂಪುಗೂಡುವುದು ನರಭಕ್ಷಣೆಯ ಮರದ ಫೋರ್ಕುಗಳ ಮುಂದೆ, 1867ರಲ್ಲಿ ಕೊಲೆಯಾದ ಮಿಷನರಿ ಥಾಮಸ್ ಬೇಕರ್‌ನ ಬೂಟಿನ ಅಟ್ಟೆಯ ಮುಂದೆ. ನೋಡು, ಆದರೆ ಸಮಯವನ್ನೆಲ್ಲ ಅಲ್ಲೇ ಕಳೆಯಬೇಡ. ಅವನನ್ನು ಕೊಂದ ಊರಿನವರು 2003ರಲ್ಲಿ ಬೇಕರ್‌ನ ವಂಶದವರನ್ನು ಕರೆಸಿ ಕ್ಷಮೆ ಕೇಳಿದರು, ಅದನ್ನೂ ನೆನಪಿಟ್ಟುಕೊಂಡು ನೋಡು.

'ಮಸಿ' ಎಂಬ ತೊಗಟೆ ಬಟ್ಟೆಯ ಹತ್ತಿರ ಹೋದಾಗ ಅಂಚುಗಳನ್ನು ಗಮನಿಸು. ಒಳತೊಗಟೆಯನ್ನು ನೆನೆಸಿ, ಕೊಡತಿಯಿಂದ ಬಡಿದು ಅಗಲ ಮಾಡಿ, ಪದರದ ಮೇಲೆ ಪದರ ಇಟ್ಟು ಮತ್ತೆ ಬಡಿಯುತ್ತಾರೆ. ಚಿತ್ತಾರದ ಗೆರೆ ಕತ್ತರಿಸಿದಂತೆ ಚೂಪಾಗಿದ್ದರೆ ಕೊರೆದ ಅಚ್ಚೆಲೆ ಇಟ್ಟು ಬಣ್ಣ ಒತ್ತಿದ್ದು. ಮಸುಕಾಗಿ ಹರಡಿದ್ದರೆ ಉಬ್ಬಚ್ಚಿನ ಮೇಲೆ ಬಟ್ಟೆ ಹಾಸಿ ಉಜ್ಜಿದ್ದು, ಟೊಂಗಾದ ಕಡೆಯ ರೀತಿ. ಬೆಳಕಿಗೆ ಇವು ಬಣ್ಣಗೆಡುತ್ತವೆ, ಫ್ಲ್ಯಾಶ್ ಹಾಕಬೇಡ.

ಗಿರ್ಮಿಟ್ (ಕರಾರು) ಕೂಲಿಗಳ ವಿಭಾಗಕ್ಕೆ ಮನಸ್ಸು ದಣಿಯುವ ಮೊದಲೇ ಹೋಗು. 1879ರಿಂದ 1916ರವರೆಗೆ 60,000ಕ್ಕೂ ಹೆಚ್ಚು ಭಾರತೀಯರು ಐದು ವರ್ಷದ ಕರಾರಿನ ಮೇಲೆ ಕಬ್ಬಿನ ಗದ್ದೆಗಳಿಗೆ ಬಂದರು. ಮದರಾಸಿನಿಂದ ಹಡಗುಗಳು ಶುರುವಾದದ್ದು 1903ರಲ್ಲಿ. 1884ರಲ್ಲಿ 'ಸಿರಿಯಾ' ಹಡಗು ನಸಿಲಾಯ್ ಹವಳದ ದಿಬ್ಬಕ್ಕೆ ಬಡಿದು 59 ಜನ ಸತ್ತರು. ಯಾರದಾದರೂ ಅಜ್ಜ-ಮುತ್ತಜ್ಜನನ್ನು ಹುಡುಕುವುದಿದ್ದರೆ ಸುವಾದ ರಾಷ್ಟ್ರೀಯ ಪತ್ರಾಗಾರದಲ್ಲಿ ವಲಸೆ ಪಾಸುಗಳಿವೆ: ಹೆಸರು, ತಂದೆಯ ಹೆಸರು, ಜಾತಿ, ಊರು, ಎತ್ತರ, ಮೈಮೇಲಿನ ಗುರುತು. ಬರೀ ಹೆಸರು ಹಿಡಿದು ಹೋದರೆ ಸಿಗುವುದು ಕಷ್ಟ, ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ಹಡಗಿನ ಹೆಸರು, ಬಂದ ವರ್ಷ, ಸಾಧ್ಯವಾದರೆ ಪಾಸಿನ ಸಂಖ್ಯೆ ಜೊತೆಗಿರಲಿ. ನಿನ್ನ ಹಿಂದಿ ಅಲ್ಲಿ ಕೆಲಸಕ್ಕೆ ಬರುತ್ತದೆ. ಫಿಜಿ ಹಿಂದಿಗೆ ಭೋಜಪುರಿ, ಅವಧಿ ಭಾಷೆಗಳ ಒಲವು ಹೆಚ್ಚು, ನಿಧಾನವಾಗಿ ಮಾತಾಡು.

ಮಧ್ಯಾಹ್ನದ ಮೇಲೆ ಸುವಾದ ಲೌಥಲಾದಲ್ಲಿ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಓಷಿಯಾನಿಯಾ ಕಲಾ ಕೇಂದ್ರ. ಲೇಖಕ, ಮಾನವಶಾಸ್ತ್ರಜ್ಞ ಎಪೆಲಿ ಹೌಓಫಾ 1997ರಲ್ಲಿ ಕಟ್ಟಿದ್ದು. ಕಡಲು ದ್ವೀಪಗಳನ್ನು ಬೇರೆ ಮಾಡುವುದಿಲ್ಲ, ಕೂಡಿಸುತ್ತದೆ ಎಂದವರು ಅವರು. ಬೆಳಗ್ಗೆ ದ್ರುವ ನೋಡಿದ್ದರೆ ಆ ಮಾತು ತಾನಾಗಿ ಹಿಡಿಯುತ್ತದೆ. ಪಾಠಗಳು ನಡೆಯುವ ದಿನಗಳಲ್ಲೇ ಹೋಗು, ರಜೆಯಲ್ಲಿ ಆವರಣ ಖಾಲಿ. ಕೆತ್ತುತ್ತಲೋ ಕುಣಿಯುತ್ತಲೋ ಇರುವವರ ಫೋಟೋ ತೆಗೆಯುವ ಮುಂಚೆ 'ಬುಲಾ' ಎಂದು ಮಾತಾಡಿಸಿ, ಕೇಳಿ ತೆಗೆ.

ನಿನ್ನ ಗೆಳೆಯ