ಈಜುಕೊಳ ಈ ಬೇಸಿಗೆಗೂ ಇಲ್ಲ: ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ನಮ್ಮ ತಾಲ್ಲೂಕು ಕ್ರೀಡಾಂಗಣದ ಈಜುಕೊಳ ಈ ಬೇಸಿಗೆಗೂ ಮುಗಿಯುವುದಿಲ್ಲ. ಏಪ್ರಿಲ್ ರಜೆಯಲ್ಲಿ ನಡೆಸಬೇಕೆಂದಿದ್ದ ಈಜು ಶಿಬಿರ ರದ್ದಾಗಿದೆ. ಹೆಸರು ಕೊಟ್ಟಿದ್ದ ಮಕ್ಕಳಿಗೆ ತರಗತಿಯಲ್ಲೇ ಹೇಳಿದ್ದೇವೆ. ಆದರೂ ಮನೆಗೆ ಬಂದು "ಮುಂದಿನ ತಿಂಗಳು ಶುರುವಂತೆ" ಅನ್ನುವವರು ಇದ್ದೇ ಇರುತ್ತಾರೆ, ಅದಕ್ಕೇ ಈ ಪತ್ರ.

ಗುದ್ದಲಿ ಪೂಜೆ ಆದದ್ದು 2023ರ ವಿಧಾನಸಭಾ ಚುನಾವಣೆಗೆ ಮುಂಚೆ. ಆಮೇಲೆ ನೀತಿ ಸಂಹಿತೆ ಬಂತು. ಅಗೆಯಲು ಶುರು ಮಾಡಿದರೆ ಬಂಡೆ ಸಿಕ್ಕಿತು, ಅಂದಾಜು ಪಟ್ಟಿ ಪರಿಷ್ಕರಣೆಗೆ ಹೋಯಿತು. ಅದು ಮಂಜೂರಾಗುವ ಮೊದಲೇ ಲೋಕಸಭಾ ಚುನಾವಣೆ, ಮತ್ತೆ ನೀತಿ ಸಂಹಿತೆ. ಈಗ ಗೋಡೆ ಎದ್ದಿದೆ, ಟೈಲ್ಸ್ ಆಗಿಲ್ಲ. ನೀರು ಶುದ್ಧೀಕರಿಸುವ ಯಂತ್ರಕ್ಕೆ ಬೇರೆ ಟೆಂಡರ್ ಅಂತೆ. ನಮ್ಮ ಪೋಷಕರೊಬ್ಬರು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದರು. 30 ದಿನದೊಳಗೇ ಉತ್ತರ ಬಂತು, ಅಷ್ಟರ ಮಟ್ಟಿಗೆ ಮೆಚ್ಚಬೇಕು. "ಕಾಮಗಾರಿ ಪ್ರಗತಿಯಲ್ಲಿದೆ" ಎಂದಷ್ಟೇ ಅದರಲ್ಲಿದೆ.

ತಡವಾದದ್ದಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸಿರುವುದು ಅಲ್ಲಿರುವ ಗುಂಡಿ. ಹೋದ ವಾರ ದೈಹಿಕ ಶಿಕ್ಷಕರೊಂದಿಗೆ ಹೋಗಿ ನೋಡಿ ಬಂದೆ. ಹಿಂಗಾರಿನ ನೀರು ಆಳದ ಕಡೆ ಇನ್ನೂ ನಿಂತಿದೆ, ಪಾಚಿ ಕಟ್ಟಿ ತಳ ಕಾಣುತ್ತಿಲ್ಲ. ಸುತ್ತ ಹೊಡೆದಿರುವ ತಗಡು ಒಂದು ಕಡೆ ಮಡಚಿಕೊಂಡಿದೆ, ಒಬ್ಬ ಹುಡುಗ ಆರಾಮವಾಗಿ ನುಸುಳಬಹುದು. ಕ್ರಿಕೆಟ್ ಚೆಂಡು ಒಳಗೆ ಬಿದ್ದರೆ ತರಲು ಇಳಿಯುತ್ತಾರಂತೆ. ಆಳದ ಕಡೆ ಮೆಟ್ಟಿಲಿಲ್ಲ, ಕಂಬಿ ಏಣಿ ಕೂರಿಸಿಲ್ಲ. ಜಾರಿದರೆ ಹಿಡಿದು ಹತ್ತಲು ಏನೂ ಇಲ್ಲ.

"ಕುಡಿಯೋಕೇ ನೀರಿಲ್ಲ, ಈಜೋಕೆ ಬೇರೆ ನೀರಾ?" ಎಂದು ಕೇಳುವವರಿದ್ದಾರೆ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದ ವರ್ಷವನ್ನು ಕಂಡವರು ಹಾಗೆ ಕೇಳುವುದು ಸಹಜವೇ. ಆದರೆ ಲೆಕ್ಕ ಹಾಕಿ ನೋಡಿ. 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲದ ಕೊಳಕ್ಕೆ ಒಮ್ಮೆ ತುಂಬಲು ಸುಮಾರು ನಾಲ್ಕೂವರೆ ಲಕ್ಷ ಲೀಟರ್ ಬೇಕು. ಅದನ್ನು ದಿನಾ ಚೆಲ್ಲುವುದಿಲ್ಲ, ಸೋಸಿ ಕ್ಲೋರಿನ್ ಹಾಕಿ ಮತ್ತೆ ಬಳಸುತ್ತಾರೆ. ಬೇಸಿಗೆಯಲ್ಲಿ ಆವಿಯಾಗುವುದು ದಿನಕ್ಕೆ ಎರಡು ಸಾವಿರ ಲೀಟರ್ ಆಸುಪಾಸು. ಫಿಲ್ಟರ್ ತೊಳೆಯುವ ನೀರು ಅದರ ಮೇಲೆ, ಆದರೂ ಕೊಳ ಬೇಡ ಎನ್ನುವಷ್ಟಲ್ಲ.

ನಿಮ್ಮಲ್ಲಿ ಬಹಳ ಜನ ಈಜು ಕಲಿತದ್ದು ತೋಟದ ಬಾವಿಯಲ್ಲಿ. ಸೊಂಟಕ್ಕೆ ಸೋರೆಬುರುಡೆ ಕಟ್ಟಿ, ಅಪ್ಪನೋ ಮಾವನೋ ಮೇಲಿಂದ ತಳ್ಳಿದ್ದು ನೆನಪಿರಬಹುದು. ಈಗ ಆ ಬಾವಿಗಳು ಬತ್ತಿವೆ, ಇಲ್ಲವೇ ಮುಚ್ಚಿವೆ. ಕೊಳವೆ ಬಾವಿಯಲ್ಲಿ ಯಾರೂ ಈಜು ಕಲಿಯಲಾರರು. ಬಾವಿ ಇದ್ದ ಕಾಲದಲ್ಲೂ ಹುಡುಗಿಯರನ್ನು ಯಾರು ಇಳಿಸುತ್ತಿದ್ದರು ಹೇಳಿ? ಶಿಬಿರಕ್ಕೆ ಹುಡುಗಿಯರದೇ ಪ್ರತ್ಯೇಕ ಬ್ಯಾಚು ಎಂದಾಗ ಹುಡುಗರಿಗಿಂತ ಹೆಚ್ಚು ಹೆಸರು ಬಂದಿತ್ತು. ಬೆಂಗಳೂರಿನ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದಾಗ ವಯಸ್ಸು ಹದಿನಾಲ್ಕು, ನಮ್ಮ ಒಂಬತ್ತನೇ ತರಗತಿಯವರ ವಯಸ್ಸು. ನಮ್ಮ ಮಕ್ಕಳಿಗೆ ಪದಕ ಬೇಕೆಂದು ನಾನು ಕೇಳುತ್ತಿಲ್ಲ. ನೀರಿಗೆ ಬಿದ್ದರೆ ದಡ ಸೇರುವಷ್ಟು ಕಲಿತರೆ ಸಾಕು. ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಜನ ಮುಳುಗಿ ಸಾಯುತ್ತಿದ್ದಾರೆ.

ರಜೆಯಲ್ಲಿ ಮಕ್ಕಳು ಕ್ರೀಡಾಂಗಣದ ಗುಂಡಿಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೂ ಬಿಡಬೇಡಿ. ಸರದಿಯಂತೆ ಕಟ್ಟು ನೀರು ಬಿಡುವ ದಿನ ಬೆಳಿಗ್ಗೆ ಒಣಗಿದ್ದ ನಾಲೆ ಸಂಜೆಗೆ ತುಂಬಿರುತ್ತದೆ, ಸಿಮೆಂಟ್ ಲೈನಿಂಗ್ ಆದ ಕಡೆ ಕಾಲು ನಿಲ್ಲುವುದಿಲ್ಲ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಅದಕ್ಕಿಂತ ಜಾರು. ಹೊಂಡ ಇರುವವರು ಬೇಲಿ ಹಾಕಿ, ನಾಲ್ಕು ಮೂಲೆಗೂ ಗಂಟು ಹಾಕಿದ ಹಗ್ಗ ಇಳಿಬಿಡಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬಾರದು. ಹಗ್ಗ, ಸೀರೆ, ಮುಚ್ಚಳ ಹಾಕಿದ ಖಾಲಿ ಕ್ಯಾನು, ಯಾವುದು ಸಿಕ್ಕರೆ ಅದನ್ನು ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ. ಅಣ್ಣನನ್ನು ಉಳಿಸಲು ತಮ್ಮ, ಅವನ ಹಿಂದೆ ತಾಯಿ ಹೋದ ಸುದ್ದಿಯನ್ನು ಪ್ರತಿ ಬೇಸಿಗೆಯೂ ಪತ್ರಿಕೆಯಲ್ಲಿ ಓದುತ್ತೇವೆ.

ಅನುಕೂಲ ಇರುವವರು ಮೈಸೂರಿನ ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾಲಯದ ಈಜುಕೊಳದಲ್ಲಿ ವಿಚಾರಿಸಬಹುದು. ಶಕ್ತಿ ಯೋಜನೆ ಇರುವುದರಿಂದ ತಾಯಿ-ಮಗಳಿಗೆ ಬಸ್ ಚಾರ್ಜಿನ ಚಿಂತೆಯಿಲ್ಲ.

ಈ ಶನಿವಾರ ಬೆಳಿಗ್ಗೆ 11ಕ್ಕೆ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದಿದ್ದೇವೆ. ತಹಶೀಲ್ದಾರರಿಗೆ ಕೊಡುವ ಮನವಿಯಲ್ಲಿ ಮೂರೇ ಬೇಡಿಕೆ: ರಜೆಗೆ ಮುಂಚೆ ಗುಂಡಿಯ ನೀರು ತೆಗೆಸಬೇಕು, ತಗಡು ಸರಿ ಮಾಡಿಸಿ ಕಾವಲುಗಾರನನ್ನು ಇಡಬೇಕು, ಕೆಲಸ ಮುಗಿಯುವ ದಿನಾಂಕವನ್ನು ಬರೆದು ಕೊಡಬೇಕು. ಸೋಮವಾರ ತಹಶೀಲ್ದಾರ್ ಕಚೇರಿಗೆ ನಾನೇ ಕೊಂಡೊಯ್ಯುತ್ತೇನೆ, ಜೊತೆಗೆ ನಾಲ್ಕೈದು ಜನ ಬಂದರೆ ಒಳ್ಳೆಯದು. ಗದ್ದೆ ಕೆಲಸ ಬಿಟ್ಟು ಬರಲಾಗದವರು ಕೆಳಗಿನ ಚೀಟಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ ಮಗುವಿನ ಕೈಲಿ ಶುಕ್ರವಾರದೊಳಗೆ ಕಳುಹಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ