ನಲವತ್ತು ದಾಟಿದ ಮೇಲೆ ಹಲ್ಲಿಗೆ ಕ್ಲಿಪ್: ಮಂಜುಗೊಂದು ಪತ್ರ

ಪ್ರೀತಿಯ ಮಂಜು,

ಮಗಳಿಗೆ ಕ್ಲಿಪ್ ಹಾಕಿಸಲು ಹೋದವನಿಗೆ ಡಾಕ್ಟರು "ನಿಮ್ಮ ಹಲ್ಲನ್ನೂ ಸರಿಮಾಡಬಹುದು ಸರ್" ಅಂದರಂತೆ. ಅಂದಿನಿಂದ ನಿನಗೆ ಅದೇ ಯೋಚನೆ. ನೀನೇ ಫೋನ್ ಮಾಡಿ "ಈ ವಯಸ್ಸಲ್ಲಿ ಬೇಕೇನೋ?" ಅಂತ ಕೇಳಿದೆ. ಮಾತಿನ ಮಧ್ಯೆ ಹೇಳಿ ಮುಗಿಸುವ ವಿಷಯವಲ್ಲ ಅನ್ನಿಸಿತು, ಅದಕ್ಕೇ ಬರೆಯಲು ಕೂತೆ. ನಾನೂ ನಲವತ್ತು ದಾಟಿದ ಮೇಲೇ ಹಾಕಿಸಿಕೊಂಡವನು. ನೀನು ಹಾಕಿಸಿಕೋ ಅಂತಲೇ ನನ್ನ ಮನಸ್ಸು. ಆದರೆ ವಯಸ್ಸಿನ ಲೆಕ್ಕ ಬಿಟ್ಟು ಮೊದಲು ಒಸಡು ತೋರಿಸು.

ಯಾಕೆ ಅಂತ ಹೇಳುತ್ತೇನೆ. ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ಮೂಳೆಯಲ್ಲಿ ಬಿಗಿದುಕೊಂಡಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರ ಇದೆ. ತಂತಿ ಒಂದು ಕಡೆಗೆ ಮೆಲ್ಲಗೆ ಒತ್ತುತ್ತಿದ್ದರೆ ಆ ಬದಿಯ ಮೂಳೆ ಕರಗುತ್ತದೆ, ಎದುರು ಬದಿಯಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಈ ಕೆಲಸ ಹದಿನಾಲ್ಕಕ್ಕೂ ನಡೆಯುತ್ತದೆ, ಐವತ್ತಕ್ಕೂ ನಡೆಯುತ್ತದೆ. ದೊಡ್ಡವರಲ್ಲಿ ಶುರುವಾಗುವುದು ಸ್ವಲ್ಪ ನಿಧಾನ. ಹಲ್ಲು ಸರಿಯುವುದು ಸುಮಾರಾಗಿ ತಿಂಗಳಿಗೆ ಒಂದು ಮಿಲಿಮೀಟರ್. ಜಾಗ ಮಾಡಲು ಕೋರೆಹಲ್ಲಿನ ಹಿಂದಿನ ಹಲ್ಲು ಕಿತ್ತರೆ ಬೀಳುವ ಸಂದು ಏಳು ಮಿಲಿಮೀಟರಿನಷ್ಟಿರುತ್ತದೆ. ಅದು ಮುಚ್ಚುವುದಕ್ಕೇ ಅರ್ಧ ವರ್ಷ ಮೀರುತ್ತದೆ. ಒಟ್ಟಾರೆ ಒಂದೂವರೆ, ಎರಡು ವರ್ಷ ಹಿಡಿಯುವುದು ಇದಕ್ಕೇ.

ಈಗ ಒಸಡಿನ ವಿಷಯ. ಬ್ರಷ್ ಮಾಡುವಾಗ ರಕ್ತ ಬರುತ್ತದೆ ಅಂತ ನೀನು ಎಷ್ಟೋ ಸಲ ಹೇಳಿದ್ದೀಯ. ಅದನ್ನು ಹಾಗೇ ಬಿಟ್ಟು ಕ್ಲಿಪ್ ಹಾಕಿಸಬೇಡ ಕಣೋ. ಒಸಡಿನ ರೋಗ ಒಳಗೊಳಗೇ ಮೂಳೆಯನ್ನು ತಿನ್ನುತ್ತಿರುತ್ತದೆ. ಅಂಥ ಕಡೆ ಹಲ್ಲನ್ನು ತಳ್ಳಿದರೆ ಉಳಿದ ಮೂಳೆಯೂ ಹೋಗಿ ಹಲ್ಲು ಅಲುಗಾಡುವುದುಂಟು. ಮೊದಲು ಕ್ಲೀನಿಂಗ್ ಮಾಡಿಸು, ಒಸಡಿನ ಡಾಕ್ಟರು ಸರಿ ಅನ್ನಲಿ, ಆಮೇಲೆ ತಂತಿ. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ರಕ್ತ ಪರೀಕ್ಷೆ ಮಾಡಿಸಿಬಿಡು. ಸಿಗರೇಟು ಪೂರ್ತಿ ಬಿಡಬೇಕು. ಇದರಲ್ಲಿ ರಿಯಾಯಿತಿ ಕೇಳಬೇಡ.

ನಿನ್ನ ಮಗಳಿಗೂ ನಿನಗೂ ನಿಜವಾದ ವ್ಯತ್ಯಾಸ ಇರುವುದು ದವಡೆಯಲ್ಲಿ. ಅವಳದು ಇನ್ನೂ ಬೆಳೆಯುತ್ತಿದೆ, ಆ ಬೆಳವಣಿಗೆಯನ್ನೇ ಡಾಕ್ಟರು ಬೇಕಾದ ಕಡೆಗೆ ತಿರುಗಿಸಬಲ್ಲರು. ಚಿಕ್ಕ ವಯಸ್ಸಿನಲ್ಲಿ ಅಂಗುಳಿನ ನಡುವಿನ ಮೂಳೆಯ ಬೆಸುಗೆ ಪೂರ್ತಿ ಕೂಡಿರುವುದಿಲ್ಲ, ಸಲಕರಣೆ ಹಾಕಿ ಅಗಲ ಮಾಡಲು ಆಗುತ್ತದೆ. ನಮ್ಮಲ್ಲಿ ಅದು ಕೂಡಿ ವರ್ಷಗಳಾದವು. ಹಲ್ಲು ಮಾತ್ರ ಸೊಟ್ಟಗಿದ್ದರೆ ತಂತಿ ಸಾಕು. ದವಡೆಯೇ ತೀರಾ ಮುಂದೆ ಅಥವಾ ಹಿಂದೆ ಇದ್ದರೆ ಆಪರೇಷನ್ ಮಾತೂ ಬರಬಹುದು. ನೀನು ಹೇಳಿದ್ದನ್ನು ಕೇಳಿದರೆ ನಿನ್ನದು ಕೆಳಗಿನ ಸಾಲಿನ ಇಕ್ಕಟ್ಟು. ಎಕ್ಸ್‌ರೇ ಮತ್ತು ಹಲ್ಲಿನ ಅಚ್ಚು ನೋಡಿ ಡಾಕ್ಟರೇ ಹೇಳಬೇಕು.

ನಿನ್ನ ಅಮ್ಮ "ಮದುವೆಯಾಗಿ ಮಕ್ಕಳಾದ ಮೇಲೆ ಯಾರಿಗೆ ತೋರಿಸೋಕೆ?" ಅಂದರಂತೆ. ಅವರನ್ನು ತಪ್ಪು ತಿಳಿಯಬೇಡ. ನಮ್ಮ ಕಡೆ ಹಲ್ಲು ಸರಿಮಾಡಿಸುವುದೆಂದರೆ ಗಂಡು ನೋಡಲು ಬರುವ ಮುಂಚೆ ಹೆಣ್ಣುಮಕ್ಕಳಿಗೆ ಮಾಡಿಸುವ ಕೆಲಸವಾಗಿತ್ತು. ನಾವು ಹುಡುಗರಾಗಿದ್ದಾಗ ಹಲ್ಲು ನೋವಾದರೆ ಕೀಳಿಸುತ್ತಿದ್ದರು, ಸೊಟ್ಟಗಿದ್ದರೆ ಸುಮ್ಮನಿರುತ್ತಿದ್ದರು. ನೀನು ಗ್ರೂಪ್ ಫೋಟೋದಲ್ಲೆಲ್ಲ ಬಾಯಿ ಮುಚ್ಚಿಕೊಂಡೇ ನಿಲ್ಲುತ್ತೀಯ, ನಗು ಬಂದರೆ ಕೈ ಅಡ್ಡ ಹಿಡಿಯುತ್ತೀಯ. ಇಪ್ಪತ್ತು ವರ್ಷದಿಂದ ನೋಡುತ್ತಾ ಬಂದಿದ್ದೇನೆ, ನನಗೆ ಸಂಕಟವಾಗುತ್ತದೆ. ಅಷ್ಟೇ ಕಾರಣವಾದರೂ ಸಾಕು ಅನ್ನುತ್ತೇನೆ ನಾನು. ಮೇಲಾಗಿ ಇಕ್ಕಟ್ಟಿನ ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ, ಕಿಟ್ಟ ಅಲ್ಲೇ ಕಟ್ಟುತ್ತದೆ. ಸಾಲು ನೇರವಾದರೆ ಒಸಡನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದು ಸುಲಭ.

ಹಾಕಿಸಿಕೊಂಡ ಮೊದಲ ವಾರ ಕಷ್ಟವೇ. ತಂತಿ ಬಿಗಿ ಮಾಡಿದ ದಿನ ಸಂಜೆಯಿಂದ ಹಲ್ಲೆಲ್ಲ ಜುಮುಜುಮು ಅನ್ನುತ್ತದೆ, ಚಪಾತಿ ಕಚ್ಚಲು ಆಗುವುದಿಲ್ಲ. ಮೆತ್ತಗೆ ಕಲಸಿದ ಮೊಸರನ್ನ, ರವೆ ಗಂಜಿ, ಮುದ್ದೆ ನನ್ನನ್ನು ಕಾಪಾಡಿದವು. ಮುದ್ದೆ ಹೇಗೂ ನುಂಗುವುದು ತಾನೇ! ಕೆನ್ನೆಯ ಒಳಗೆ ತಂತಿಯ ತುದಿ ಚುಚ್ಚಿದ ಕಡೆ ಮೇಣ ಹಚ್ಚಿಕೊಳ್ಳಬೇಕು, ಡಾಕ್ಟರೇ ಕೊಡುತ್ತಾರೆ. ಚಕ್ಕುಲಿ, ನಿಪ್ಪಟ್ಟು, ಚಿಕ್ಕಿ, ಕಬ್ಬು ಎರಡು ವರ್ಷ ದೂರ. ಊಟ ಆದಮೇಲೆ ಕನ್ನಡಿ ಮುಂದೆ ನಿಂತು ಸಂದಿಗೆ ಹೋಗುವ ಸಣ್ಣ ಬ್ರಷ್ ತೆಗೆದುಕೊಂಡು ಒಂದೊಂದೇ ಹಲ್ಲಿನ ಸುತ್ತ ತಿರುಗಿಸಬೇಕು. ಕರಿಬೇವಿನ ಚೂರು ತಂತಿಯ ಹಿಂದೆ ಸಿಕ್ಕಿಕೊಂಡರೆ ಬಾಯಿ ಮುಕ್ಕಳಿಸಿದರೂ ಬರುವುದಿಲ್ಲ. ಕೆಲಸದ ಜಾಗಕ್ಕೂ ಒಂದು ಬ್ರಷ್ ಇಟ್ಟುಕೋ.

ಯಾವ ಬಗೆಯ ಕ್ಲಿಪ್ ಅಂತ ನೀನು ಕೇಳಿದ್ದೆ. ಸ್ಟೀಲಿನದು ಅಗ್ಗ ಮತ್ತು ಗಟ್ಟಿ. ಸಿರಾಮಿಕ್ ಬಿಳಿ ಇರುತ್ತದೆ, ಎದ್ದು ಕಾಣುವುದಿಲ್ಲ, ಆದರೆ ಅದಕ್ಕೆ ಹಾಕುವ ಪುಟ್ಟ ರಬ್ಬರ್ ನಮ್ಮ ಸಾರಿನ ಅರಿಶಿನಕ್ಕೆ ಕೆಲವೇ ದಿನಕ್ಕೆ ಹಳದಿಯಾಗುತ್ತದೆ. ಪಾರದರ್ಶಕ ಅಲೈನರ್ ಅಂದರೆ ಹಲ್ಲಿನ ಮೇಲೆ ಕೂರುವ ಪ್ಲಾಸ್ಟಿಕ್ ಕವಚ, ತೆಗೆದು ಹಾಕಬಹುದು, ಆದರೆ ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ಗಂಟೆ ಬಾಯಲ್ಲೇ ಇರಬೇಕು. ಗಂಟೆಗೊಮ್ಮೆ ಟೀ ಕುಡಿಯುವ ನಿನಗೆ ಅದು ಒಗ್ಗುವುದಿಲ್ಲ, ಖರ್ಚೂ ಹೆಚ್ಚು. ಯಾವುದಾದರೂ ಸರಿ, ಹಲ್ಲು ಜೋಡಿಸುವುದರಲ್ಲೇ ಎಂಡಿಎಸ್ (ದಂತವೈದ್ಯರ ಸ್ನಾತಕೋತ್ತರ ಪದವಿ) ಮಾಡಿದವರ ಹತ್ತಿರ ಹೋಗು. ಡಾಕ್ಟರ ಮುಖ ನೋಡದೆ ಮನೆಗೆ ಪೆಟ್ಟಿಗೆ ತರಿಸಿಕೊಳ್ಳುವ ಅಲೈನರ್ ತಂಟೆಗೆ ಖಂಡಿತ ಹೋಗಬೇಡ.

ದುಡ್ಡಿನ ಚಿಂತೆಗೆ ನಿಮ್ಮ ದಾವಣಗೆರೆಯಲ್ಲೇ ಉತ್ತರವಿದೆ. ಎರಡು ದಂತ ಕಾಲೇಜು ಇರುವ ಊರು ಅದು. ಅಲ್ಲಿ ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ ಉಸ್ತುವಾರಿಯಲ್ಲಿ ಕಡಿಮೆ ಖರ್ಚಿಗೆ ಮಾಡುತ್ತಾರೆ. ಕಾಯಬೇಕಾಗುತ್ತದೆ, ಪ್ರತಿ ಹೆಜ್ಜೆಗೂ ಪ್ರೊಫೆಸರ ಒಪ್ಪಿಗೆ ಬೇಕು. ಅವರ ಓದು ಮೂರು ವರ್ಷದ್ದು. ಕೊನೆಯ ವರ್ಷದವರು ನಿನ್ನನ್ನು ತೆಗೆದುಕೊಂಡರೆ ನಡುವೆ ಬೇರೆಯವರ ಕೈಗೆ ಹೋಗುತ್ತೀಯ. ಮೊದಲ ವರ್ಷದವರು ಸಿಗುತ್ತಾರಾ ಅಂತ ಕೇಳು.

ಇನ್ನೊಂದು ಮಾತು. ಕ್ಲಿಪ್ ಬಿಚ್ಚಿದ ದಿನಕ್ಕೆ ಮುಗಿಯಿತು ಅಂದುಕೊಳ್ಳಬೇಡ. ಹಲ್ಲು ಹಳೆಯ ಜಾಗಕ್ಕೆ ವಾಪಸ್ಸು ಹೋಗಲು ನೋಡುತ್ತದೆ. ಅದನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೈನರ್ ಹಾಕಿಕೊಳ್ಳಬೇಕು: ಮೊದಲು ಹಗಲೂ ರಾತ್ರಿ, ಆಮೇಲೆ ರಾತ್ರಿ ಮಾತ್ರ, ವರ್ಷಾನುಗಟ್ಟಲೆ. ನಾನು ಈಗಲೂ ಮಲಗುವಾಗ ಹಾಕಿಕೊಳ್ಳುತ್ತೇನೆ. ಮಗಳಿಗೂ ಇದನ್ನು ಈಗಲೇ ಹೇಳಿಡು.

ಆರೋಗ್ಯವಾಗಿರುವ ನಾಲ್ಕು ಹಲ್ಲು ಕೀಳಬೇಕು ಅಂದರೆ ಅಲ್ಲೇ ಹೂಂ ಅನ್ನಬೇಡ. ಕೆಲವು ಬಾಯಿಗೆ ಅದು ಬೇಕೇ ಬೇಕು, ಕೆಲವಕ್ಕೆ ಬೇಡ. ಎಕ್ಸ್‌ರೇ ಹಿಡಿದು ಇನ್ನೊಬ್ಬರನ್ನು ಕೇಳು. ಬರುವ ಶನಿವಾರ ನಾನು ನಿಮ್ಮ ಪಕ್ಕದ ಹರಿಹರಕ್ಕೆ ಬರುವವನಿದ್ದೇನೆ. ಹೇಳಿದರೆ ಬೆಳಿಗ್ಗೆಯೇ ಬಂದು ಕಾಲೇಜಿನ ಓಪಿಡಿಗೆ ನಿನ್ನ ಜೊತೆ ಬರುತ್ತೇನೆ.

ನಿನ್ನ,
ಶಿವು