ಬಲೂನ್ ಪ್ಯಾಕೆಟ್ ಬಗ್ಗೆ ದೂರು: ಕೂಪನ್ ಬೇಡ, ಸರಿಯಾದ ಮಾಲು ಕಳ್ಸಿ

ಕಸ್ಟಮರ್ ಕೇರ್‌ನವರಿಗೆ ನಮಸ್ಕಾರ,

ನಾನು ಮಡಿಕೇರಿ ಹತ್ರ ಒಂದು ಹೈಸ್ಕೂಲಲ್ಲಿ ಸೈನ್ಸ್ ಟೀಚರ್. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಅಂತ ನಿಮ್ಮಿಂದ 12 ಇಂಚಿನ 100 ಬಲೂನ್ ತರಿಸ್ದೆ, ಎಲ್ಲಾ ಒಂದೇ ಸೈಜು ಒಂದೇ ದಪ್ಪ ಅಂತ ನೀವೇ ಬರ್ದಿದ್ರಿ, ನಂಗೆ ಬೇಕಾಗಿದ್ದೂ ಅದೇ, ಯಾಕಂದ್ರೆ ಒಂದೇ ಥರದ ಬಲೂನುಗಳು ಎಷ್ಟು ಒತ್ತಡ ತಡೀತಾವೆ ಅಂತ ಮಕ್ಕಳ ಕೈಲೇ ಅಳೆಸ್ಬೇಕಿತ್ತು.

ಮೇಸ್ತ್ರಿಗಳ ಲೆವೆಲ್ ಪೈಪನ್ನ ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ ಒಂದು ತುದೀನ ಬಲೂನಿಗೆ ಸೇರಿಸಿದ್ವಿ, ಪೈಪಿನ ಎರಡು ಕಡೆ ನೀರಿನ ಮಟ್ಟಕ್ಕೆ 10 ಸೆಂಟಿಮೀಟರ್ ವ್ಯತ್ಯಾಸ ಬಂದ್ರೆ ಹತ್ರಹತ್ರ 1 ಕಿಲೋಪಾಸ್ಕಲ್ ಒತ್ತಡ ಅಂತ ಲೆಕ್ಕ. ಗಾಳಿಗೆ ಸೈಕಲ್ ಪಂಪು. ಒಳ್ಳೇ ಬಲೂನಾದ್ರೆ ಶುರುವಲ್ಲೇ ಒತ್ತಡ ಏರತ್ತೆ, ಉಬ್ಬಿದ್ಮೇಲೆ ಇಳಿಯತ್ತೆ, ಒಡೆಯೋ ಮುಂಚೆ ರಬ್ಬರ್ ಬಿಗಿಯಾಗಿ ಮತ್ತೆ ಏರತ್ತೆ. ಬಾಯಲ್ಲಿ ಊದೋವಾಗ ಮೊದಲ್ನೇ ಉಸಿರೇ ಕಷ್ಟ ಆಗೋದು ಅದಕ್ಕೇ. ಇದನ್ನ ಮಕ್ಕಳು ಕಣ್ಣಾರೆ ನೋಡ್ಲಿ ಅಂತ ಎಷ್ಟು ಆಸೆ ಇತ್ತು ನಂಗೆ.

20 ಬಲೂನಲ್ಲಿ 11 ಮಾತ್ರ 12 ಇಂಚು ದಾಟಿ ಒಡೆದ್ವು, ಉಳಿದ 9 ಚಕ್ಕೋತದ ಗಾತ್ರಕ್ಕೆ ಬರೋದ್ರೊಳಗೆ ಹೋದ್ವು. ಚೂರು ಹಿಡಿದು ನೋಡಿದ್ರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೀರಾ ತೆಳು, ಕೆಲವು ಅಂಟಂಟು, ಎಳೆದ್ರೆ ಸಣ್ಣ ಬಿರುಕು. ಸಂಪಾಜೆ ಕಡೆ ರಬ್ಬರ್ ತೋಟ ಇರೋ ಹುಡುಗ "ಮಿಸ್, ಇದು ಹಳೇ ಮಾಲು" ಅಂದ. ಬಿಸಿಲು, ಓಝೋನ್ ತಾಗಿದ್ರೆ ರಬ್ಬರ್ ಹಾಳಾಗತ್ತೆ. ಪ್ಯಾಕೆಟ್ ಮೇಲೆ ತಯಾರಾದ ತಿಂಗಳು, ವರ್ಷ ಹಾಕ್ಲೇಬೇಕು ಅಂತ ನಿಯಮ ಇದೆ, ನಿಮ್ದರಲ್ಲಿ ಎರಡೂ ಇಲ್ಲ. ಒಂದು ಚೂರು ಹುಡುಗಿ ಕೆನ್ನೆಗೆ ಹೊಡೆದು ಕೆಂಪಗಾಯ್ತು, ಕಣ್ಣಿಗೆ ತಾಗಿದ್ರೆ ಅವಳ ಅಮ್ಮಂಗೆ ನಾನು ಏನು ಹೇಳ್ಬೇಕಿತ್ತು?

ಫೋನ್ ಮಾಡಿದ್ರೆ "ಮೇಡಂ ನಿಮ್ದು ಬೆಟ್ಟದ ಊರು, ಅಲ್ಲಿ ಗಾಳಿ ಒತ್ತಡ ಕಮ್ಮಿ, ಅದಕ್ಕೆ ಒಡೆಯತ್ತೆ" ಅಂದ್ರು. ನೀವಿರೋ ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಅದಕ್ಕಿಂತ ಒಂದಿನ್ನೂರು ಚಿಲ್ಲರೆ ಮೀಟರ್ ಮೇಲೆ ಅಷ್ಟೇ, ಗಾಳಿ ತುಂಬ್ಸಿದ್ದೂ ಇಲ್ಲೇ. ಬಲೂನಿಗೆ ಲೆಕ್ಕ ಒಳಗಿನ ಒತ್ತಡಕ್ಕೂ ಹೊರಗಿಂದಕ್ಕೂ ಇರೋ ವ್ಯತ್ಯಾಸ, ನಮ್ಮ ಪೈಪು ತೋರ್ಸೋದೂ ಅದನ್ನೇ. ಬೆಟ್ಟವೇ ಕಾರಣ ಆಗಿದ್ರೆ ಆ 11 ಹೇಗೆ ತಡ್ಕೊಂಡ್ವು?

ಹಾಗಾಗಿ ನೀವು ಕೊಡ್ತೀವಿ ಅಂದ 50 ರೂಪಾಯಿ ಕೂಪನ್ ಬೇಡ. ಒಂದೇ ಲಾಟಿನ, ತಯಾರಾದ ತಿಂಗಳು ಹಾಕಿರೋ ಹೊಸ ಪ್ಯಾಕೆಟ್ 10 ದಿನದೊಳಗೆ ಕಳ್ಸಿ. ಫೋಟೋ, ಮಕ್ಕಳು ಬರ್ದಿಟ್ಟ ಅಳತೆ ಇದ್ರ ಜೊತೆ ಇದೆ, ಉಳಿದ 80 ಬಲೂನ್ ಹಾಗೇ ಎತ್ತಿಟ್ಟಿದೀನಿ. ಉತ್ತರ ಬರ್ಲಿಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡ್ತೀನಿ. ಬೇಸಿಗೆ ರಜೆಗೆ ಮುಂಚೆ ಬಂದ್ರೆ ಇನ್ನೊಂದ್ಸಲ ಮಾಡಿಸ್ತೀನಿ, ಮಕ್ಕಳ ಅಳತೆ ಪಟ್ಟಿ ಅರ್ಧ ಖಾಲಿ ಬಿದ್ದಿದೆ.